ಲಾಭ ಇದೆ ಅಂತಾರೆ ಆಡಿಟರ್, ಸಂಬಳಕ್ಕೆ ದುಡ್ಡಿಲ್ಲ. ಕ್ಯಾಶ್ ಫ್ಲೋ ಫೋರ್‌ಕಾಸ್ಟ್ ಮಾಡುವುದು ಹೇಗೆ?

ನೀವು ಕೇಳಿರುವುದು ಇಷ್ಟು: ತುಮಕೂರಿನಲ್ಲಿ ಸಣ್ಣ ಫ್ಯಾಬ್ರಿಕೇಷನ್ ಶೆಡ್ ಇದೆ, ವರ್ಷದ ಕೊನೆಗೆ ಆಡಿಟರ್ ಲಾಭ ತೋರಿಸುತ್ತಾರೆ, ಆದರೆ ಪ್ರತಿ ತಿಂಗಳು 7ನೇ ತಾರೀಖು ಸಂಬಳ ಕೊಡಲು ಕೈಸಾಲ ಮಾಡಬೇಕು. ಈಗ ಬ್ಯಾಂಕಿನವರು ಕ್ಯಾಶ್ ಫ್ಲೋ ಫೋರ್‌ಕಾಸ್ಟ್ (ಮುಂದೆ ಯಾವಾಗ ಎಷ್ಟು ದುಡ್ಡು ಬರುತ್ತದೆ, ಎಷ್ಟು ಹೋಗುತ್ತದೆ ಅನ್ನುವ ಅಂದಾಜು) ತನ್ನಿ ಅಂದಿದ್ದಾರೆ.

ನಾನು ಪೀಣ್ಯದಲ್ಲಿ ಎಂಟು ಜನರ ಮಷಿನ್ ಶಾಪ್ ನಡೆಸುತ್ತೇನೆ. 7ನೇ ತಾರೀಖಿನ ಆ ಸಂಕಟ ನನಗೆ ಚೆನ್ನಾಗಿ ಗೊತ್ತು. ಒಂದು ವರ್ಷ ಆಯುಧ ಪೂಜೆಯ ಹಿಂದಿನ ವಾರ ಬೋನಸ್ ಕೊಡಲು ಹೆಂಡತಿಯ ಬಳೆ ಅಡವಿಟ್ಟೆ. ಅದೇ ದಿನ ಪಾರ್ಟಿಗಳಿಂದ, ಅಂದರೆ ಮಾಲು ಕೊಳ್ಳುವ ಕಂಪನಿಗಳಿಂದ, ನನಗೆ ಬರಬೇಕಿದ್ದ ಬಾಕಿ 14 ಲಕ್ಷ. ಮೆಷಿನ್‌ಗೆ ಕುಂಬಳಕಾಯಿ ಒಡೆಯುವಾಗ ಹುಡುಗರ ಮುಖ ನೋಡಿ ಸಮಾಧಾನ ಆಯಿತು, ಆದರೆ ರಾತ್ರಿ ನಿದ್ದೆ ಬರಲಿಲ್ಲ. ದುಡಿದ ದುಡ್ಡು ಇದೆ, ಬೇಕಾದ ದಿನ ಕೈಯಲ್ಲಿಲ್ಲ. ಫೋರ್‌ಕಾಸ್ಟ್ ಅನ್ನುವುದು ಈ 'ದಿನ'ದ ಲೆಕ್ಕ. ಎಷ್ಟು ಬರುತ್ತದೆ ಅನ್ನುವುದು ನಿಮಗೆ ಈಗಾಗಲೇ ಗೊತ್ತು. ಯಾವ ತಾರೀಖಿಗೆ ಬರುತ್ತದೆ ಅನ್ನುವುದನ್ನು ಬರೆದಿಟ್ಟಿರುವುದಿಲ್ಲ, ಅಷ್ಟೆ.

ಲಾಭಕ್ಕೂ ಬ್ಯಾಂಕಿನಲ್ಲಿರುವ ದುಡ್ಡಿಗೂ ಇರುವ ಅಂತರ ಒಂದು ಆರ್ಡರ್ ಹಿಡಿದು ನೋಡಿದರೆ ತಿಳಿಯುತ್ತದೆ. ಜುಲೈ 28ಕ್ಕೆ 8,00,000 ರೂಪಾಯಿಯ ಮಾಲು ಕಳಿಸಿ ಬಿಲ್ ಹಾಕಿದಿರಿ ಅನ್ನಿ. ಶೇ 18 ಜಿಎಸ್‌ಟಿ 1,44,000. ಅದಕ್ಕೆ ಬೇಕಾದ ಸ್ಟೀಲು 4,50,000, ಅದರ ಮೇಲೆ ಜಿಎಸ್‌ಟಿ 81,000. ಸ್ಟೀಲ್ ಅಂಗಡಿಯವರು ಸಾಲ ಕೊಡುವುದಿಲ್ಲ, ಜುಲೈನಲ್ಲೇ ಪೂರ್ತಿ ಕೊಟ್ಟಾಯಿತು. ಆಗಸ್ಟ್ 1ಕ್ಕೆ ಬ್ಯಾಂಕಿನಲ್ಲಿ ಉಳಿದಿರುವುದು 3,40,000. ಈಗ ಹೋಗುವುದನ್ನು ನೋಡಿ: 5ಕ್ಕೆ ಬಾಡಿಗೆ 45,000, 7ಕ್ಕೆ ಸಂಬಳ 1,60,000, 10ಕ್ಕೆ ಮೆಷಿನ್ ಕಂತು 62,000, 15ಕ್ಕೆ ಟೂಲ್ಸ್ ಅಂಗಡಿಗೆ 26,000, ನಡುವೆ ಕರೆಂಟ್ ಬಿಲ್ 28,000, 20ಕ್ಕೆ ಜಿಎಸ್‌ಟಿ, ಸ್ಟೀಲಿನ ಮೇಲೆ ಕೊಟ್ಟ 81,000 ಕ್ರೆಡಿಟ್ ಕಳೆದು 63,000. ಒಟ್ಟು 3,84,000. ಪಾರ್ಟಿಯ ದುಡ್ಡು ಬರುವುದು ಸೆಪ್ಟೆಂಬರ್ ಕೊನೆಗೆ. ಬೇರೆ ಯಾರಿಂದಲೂ ಏನೂ ಬರದಿದ್ದರೆ ಆಗಸ್ಟ್ 20ಕ್ಕೆ ನೀವು 44,000 ಕಡಿಮೆ ಬೀಳುತ್ತೀರಿ. ಅದೇ ಆರ್ಡರ್ ಆಡಿಟರ್ ಪುಸ್ತಕದಲ್ಲಿ, ಕಂತಿನೊಳಗಿನ ಬಡ್ಡಿ 20,000 ಅಂದುಕೊಂಡರೂ, ಸವಕಳಿಗೆ (ಮೆಷಿನ್ ಸವೆಯುವುದಕ್ಕೆ ಹಾಕುವ ಖರ್ಚು) ಮುಂಚೆ 71,000 ಲಾಭ. ಕಂತಿನ ಅಸಲು ಅವರ ಲಾಭದ ಲೆಕ್ಕಕ್ಕೆ ಬರುವುದೇ ಇಲ್ಲ, ನಿಮ್ಮ ಖಾತೆಯಿಂದ ಮಾತ್ರ ಹೋಗುತ್ತದೆ. ಆಡಿಟರ್ ಹೇಳಿದ್ದೂ ಸರಿ, ನಿಮ್ಮ ಕಷ್ಟವೂ ನಿಜ.

ಇನ್ನೊಂದು ವಿಷಯ ಗಮನಿಸಿ. ದುಡ್ಡು ಬರದಿದ್ದರೂ ಬಿಲ್ ಹಾಕಿದ ತಿಂಗಳಿಗೇ ಜಿಎಸ್‌ಟಿ ಕಟ್ಟಬೇಕು. ಅದೇ ಮಾಲು ಆಗಸ್ಟ್ 1ಕ್ಕೆ ಹೊರಟಿದ್ದರೆ ಅದರ ತೆರಿಗೆ ಸೆಪ್ಟೆಂಬರ್ 20ಕ್ಕೆ ಹೋಗುತ್ತಿತ್ತು, ಆಗಸ್ಟ್ 20ಕ್ಕೆ ನಿಮ್ಮ ಕೈಯಲ್ಲಿ 19,000 ಉಳಿದಿರುತ್ತಿತ್ತು. ಹಾಗಂತ ಬಿಲ್ಲಿಗೆ ಸುಳ್ಳು ತಾರೀಖು ಹಾಕಬೇಡಿ. ತಿಂಗಳ ಕೊನೆಯ ಮೂರ್ನಾಲ್ಕು ದಿನದಲ್ಲಿ ಮಾಲು ಕಳಿಸುವ ಅರ್ಜೆಂಟ್ ಪಾರ್ಟಿಗೆ ಇದೆಯೇ ಅಂತ ಒಂದು ಮಾತು ಕೇಳಿ, ಇಲ್ಲದಿದ್ದರೆ 1ನೇ ತಾರೀಖು ಲೋಡ್ ಮಾಡಿ. ಹಾಗೆಯೇ ಸ್ಟೀಲ್ ಅಂಗಡಿಯವರು ತಮ್ಮ ಮಾರಾಟದ ರಿಟರ್ನ್ ಜಿಎಸ್‌ಟಿಆರ್-1ರಲ್ಲಿ ನಿಮ್ಮ ಬಿಲ್ ತೋರಿಸದಿದ್ದರೆ ನಿಮಗೆ ಸಿಗುವ ಕ್ರೆಡಿಟ್ ಪಟ್ಟಿಯಾದ 2ಬಿಯಲ್ಲಿ ಆ 81,000 ಕಾಣುವುದಿಲ್ಲ, ಆ ತಿಂಗಳು 63,000 ಬದಲು ಪೂರ್ತಿ 1,44,000 ಕಟ್ಟಬೇಕಾಗುತ್ತದೆ. ನಾನು ಪ್ರತಿ ತಿಂಗಳು 11ನೇ ತಾರೀಖಿನ ಹತ್ತಿರ ಫೋನ್ ಮಾಡಿ 'ನಮ್ಮ ಬಿಲ್ ಹಾಕಿದ್ದೀರಾ ಸಾರ್' ಅಂತ ಕೇಳುತ್ತೇನೆ.

ಇನ್ನು ತಯಾರಿ. ಎಕ್ಸೆಲ್ ಸಾಕು, ಎ3 ಹಾಳೆಯಾದರೂ ಸರಿ. ಅಡ್ಡಕ್ಕೆ ಹದಿಮೂರು ವಾರ, ಅಂದರೆ ಮೂರು ತಿಂಗಳು. ತಿಂಗಳ ಲೆಕ್ಕ ಹಾಕಿದರೆ ಮೋಸ ಹೋಗುತ್ತೀರಿ: 25ಕ್ಕೆ ಬರುವ ದುಡ್ಡು 7ನೇ ತಾರೀಖಿನ ಸಂಬಳವನ್ನು ಕಾಗದದ ಮೇಲೆ ತೀರಿಸಿಬಿಡುತ್ತದೆ. ಮೇಲಿನ ಸಾಲಿನಲ್ಲಿ ವಾರದ ಆರಂಭದ ಬ್ಯಾಂಕ್ ಬ್ಯಾಲೆನ್ಸ್, ಆಮೇಲೆ ಬರುವುದು ಪಾರ್ಟಿವಾರು, ಹೋಗುವುದು ಬಾಬ್ತುವಾರು, ಕೆಳಗೆ ವಾರದ ಕೊನೆಗೆ ಉಳಿಯುವುದು. ಅದೇ ಮುಂದಿನ ವಾರದ ಆರಂಭ.

ಎಲ್ಲರೂ ಎಡವುವುದು ಬರುವ ದುಡ್ಡಿನ ಸಾಲಿನಲ್ಲಿ. ಪಿಓದಲ್ಲಿ (ಪಾರ್ಟಿ ಕೊಡುವ ಆರ್ಡರ್ ಪತ್ರ) 45 ದಿನ ಅಂತ ಇದೆ, ಅದನ್ನೇ ಬರೆಯುತ್ತಾರೆ. ನೀವು ಹಾಗೆ ಮಾಡಬೇಡಿ. ಟ್ಯಾಲಿಯಲ್ಲಿ ಒಂದೊಂದು ಪಾರ್ಟಿಯ ಲೆಡ್ಜರ್ ತೆಗೆದು, ಹಿಂದಿನ ಹನ್ನೆರಡು ತಿಂಗಳ ಪ್ರತಿ ಬಿಲ್ಲಿನ ತಾರೀಖು ಮತ್ತು ದುಡ್ಡು ನಿಜವಾಗಿ ಖಾತೆಗೆ ಬಿದ್ದ ತಾರೀಖು ಎದುರುಬದುರು ಬರೆಯಿರಿ. ಒಂದು ಭಾನುವಾರದ ಕೆಲಸ. ನಾನು ಮಾಡಿದಾಗ ನನ್ನ ದೊಡ್ಡ ಪಾರ್ಟಿ ಹೇಳುವುದು 45, ಕೊಡುವುದು ಸರಾಸರಿ 71 ದಿನಕ್ಕೆ ಅಂತ ತಿಳಿಯಿತು. ನಾನು ತುಂಬಾ ಬೇಸರಪಟ್ಟುಕೊಂಡಿದ್ದ ಇನ್ನೊಂದು ಸಣ್ಣ ಪಾರ್ಟಿ 38 ದಿನಕ್ಕೆ ತಪ್ಪದೆ ಕೊಡುತ್ತಿತ್ತು! ತಡ ಯಾಕೆ ಅಂತ ಹುಡುಕಿದರೆ, ದೊಡ್ಡವರಲ್ಲಿ ದಿನ ಎಣಿಸುವುದು ಬಿಲ್ ತಾರೀಖಿನಿಂದ ಅಲ್ಲ, ಅವರ ಸ್ಟೋರ್ಸ್‌ನಲ್ಲಿ ಜಿಆರ್‌ಎನ್ (ಮಾಲು ಸ್ವೀಕರಿಸಿದ ದಾಖಲೆ) ಆದ ಮೇಲಿಂದ. ಅದರ ಮೇಲೆ ಅವರು ಪೇಮೆಂಟ್ ಹಾಕುವುದು ತಿಂಗಳಿಗೆ ಎರಡೇ ದಿನ. ಒಂದು ದಿನ ತಪ್ಪಿದರೆ ಹದಿನೈದು ದಿನ ಹೋಯಿತು. ಈಗ ಮಾಲು ಇಳಿದ ಮಾರನೇ ದಿನವೇ ಜಿಆರ್‌ಎನ್ ನಂಬರ್ ಕೇಳಿ ಬರೆದುಕೊಳ್ಳುತ್ತೇನೆ. ಇದೊಂದರಿಂದಲೇ 71 ದಿನ 58ಕ್ಕೆ ಇಳಿಯಿತು.

ಹೋಗುವ ಕಡೆ ಬಾಡಿಗೆ, ಸಂಬಳ ಯಾರೂ ಮರೆಯುವುದಿಲ್ಲ. ಮರೆಯುವುದು ವರ್ಷಕ್ಕೆ ಕೆಲವೇ ಸಲ ಬರುವಂಥವು: ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ 15ರ ಅಡ್ವಾನ್ಸ್ ಟ್ಯಾಕ್ಸ್, ವಿಮೆ, ಮೆಷಿನ್ ಎಎಂಸಿ (ವರ್ಷದ ನಿರ್ವಹಣೆ ಒಪ್ಪಂದ), ಹಬ್ಬದ ಬೋನಸ್. ಬೋನಸ್ ವರ್ಷದ ಸಂಬಳದ ಶೇ 8.33 ಲೆಕ್ಕದಲ್ಲಿ ಕೊಟ್ಟರೆ ಹೆಚ್ಚುಕಡಿಮೆ ಒಂದು ತಿಂಗಳ ಸಂಬಳ, ಒಂದೇ ದಿನ ಹೋಗುತ್ತದೆ. ನಾನು ಈಗ ಏಪ್ರಿಲ್‌ನಿಂದಲೇ ಪ್ರತಿ ತಿಂಗಳು ಒಂದಿಷ್ಟು ಆರ್‌ಡಿಗೆ ಹಾಕುತ್ತೇನೆ. ಮನೆಗೆ ನೀವು ತೆಗೆಯುವ ದುಡ್ಡನ್ನೂ, ಮಕ್ಕಳ ಜೂನ್ ಫೀಸನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ಅದನ್ನು ಬಿಟ್ಟ ಹಾಳೆ ನನ್ನ ಅನುಭವದಲ್ಲಿ ಎರಡನೇ ತಿಂಗಳಿಗೇ ತಪ್ಪುತ್ತದೆ.

ಶನಿವಾರ ಸಂಜೆ ಮಷಿನ್ ನಿಲ್ಲಿಸಿದ ಮೇಲೆ ಅರ್ಧ ಗಂಟೆ ಕೂತು, ಅಂದಾಜಿನ ಪಕ್ಕ ನಿಜವಾಗಿ ಆದದ್ದು ಬರೆದು, ಕೊನೆಗೆ ಹೊಸ ವಾರ ಒಂದು ಸೇರಿಸಿ. ಮೊದಲ ಎರಡು ತಿಂಗಳು ಅಂದಾಜು ಬಹಳ ತಪ್ಪುತ್ತದೆ, ಬಿಡಬೇಡಿ.

ಆರನೇ ವಾರದಲ್ಲಿ ಬ್ಯಾಲೆನ್ಸ್ ಮೈನಸ್‌ಗೆ ಹೋಗುವುದು ಇವತ್ತೇ ಕಂಡರೆ ಮಾಡಲು ಕೆಲಸ ಇದೆ. ಟೂಲ್ಸ್ ಅಂಗಡಿಯವರಿಗೆ ಈಗಲೇ ಹೇಳಿ ಹತ್ತು ದಿನ ಕೇಳಬಹುದು, ಮುಂಚೆ ಹೇಳಿದವನಿಗೆ ಅವರು ಇಲ್ಲ ಅನ್ನುವುದಿಲ್ಲ. ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ) ನೋಂದಣಿ ಮಾಡಿಸಿ ನಂಬರನ್ನು ಬಿಲ್ ಮೇಲೆ ಅಚ್ಚು ಹಾಕಿಸಿ. 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಒಪ್ಪಂದ ಏನೇ ಇರಲಿ, ಸೂಕ್ಷ್ಮ ಮತ್ತು ಸಣ್ಣ ಘಟಕಕ್ಕೆ ದುಡ್ಡು ಕೊಡುವುದನ್ನು 45 ದಿನ ಮೀರಿಸುವಂತಿಲ್ಲ. ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ. 2024ರ ಏಪ್ರಿಲ್ 1ರಿಂದ ಬಂದ ಆದಾಯ ತೆರಿಗೆ ನಿಯಮದಿಂದ, ಅವಧಿ ಮೀರಿ ಬಾಕಿ ಉಳಿಸಿಕೊಂಡವರಿಗೆ ಆ ಖರ್ಚನ್ನು ಆದಾಯದಿಂದ ಕಳೆಯಲು ಸಿಗುವುದು ದುಡ್ಡು ಕೊಟ್ಟ ವರ್ಷದಲ್ಲೇ. ಹಾಗಾಗಿ ಫೆಬ್ರವರಿ, ಮಾರ್ಚ್‌ನಲ್ಲಿ ಅಕೌಂಟ್ಸ್‌ನವರಿಗೆ ವಿನಯವಾಗಿ ನೆನಪಿಸಿದರೆ ಕೆಲಸ ಆಗುತ್ತದೆ. ಜಗಳ ಬೇಡ, ಆರ್ಡರ್ ಕೊಡುವವರೂ ಅವರೇ. ಪಾರ್ಟಿ ಟ್ರೆಡ್ಸ್‌ನಲ್ಲಿ (ಬಾಕಿ ಬಿಲ್‌ಗಳ ಮೇಲೆ ದುಡ್ಡು ಸಿಗುವ ಆನ್‌ಲೈನ್ ವೇದಿಕೆ) ಇದ್ದರೆ ಅವರು ಒಪ್ಪಿದ ಬಿಲ್ಲನ್ನು ಅಲ್ಲಿ ಡಿಸ್ಕೌಂಟ್ ಮಾಡಿಸಿ, ಅಂದರೆ ಸ್ವಲ್ಪ ಕಡಿಮೆ ಮೊತ್ತಕ್ಕೆ ಕೊಟ್ಟು, ಮುಂಚೆಯೇ ದುಡ್ಡು ಪಡೆಯಬಹುದು.

ಬ್ಯಾಂಕಿಗೆ ಬೇಕಾಗಿರುವುದು ಸಾಮಾನ್ಯವಾಗಿ ಹನ್ನೆರಡು ತಿಂಗಳ ತಿಂಗಳುವಾರು ಲೆಕ್ಕ. ನಿಮ್ಮ ಹದಿಮೂರು ವಾರವನ್ನು ಮೂರು ತಿಂಗಳಿಗೆ ಕೂಡಿಸಿ, ಉಳಿದ ಒಂಬತ್ತು ತಿಂಗಳನ್ನು ಕೈಯಲ್ಲಿರುವ ಆರ್ಡರ್ ಮತ್ತು ಹೋದ ವರ್ಷದ ಮಾರಾಟ ನೋಡಿ ಬರೆಯಿರಿ. ಸಿಸಿ (ಕ್ಯಾಶ್ ಕ್ರೆಡಿಟ್ ಸಾಲ) ಕೇಳುವವರಾದರೆ, 90 ದಿನ ದಾಟಿದ ಬಾಕಿಯನ್ನು ಡ್ರಾಯಿಂಗ್ ಪವರ್‌ಗೆ (ಆ ಸಾಲದಲ್ಲಿ ಎಷ್ಟು ತೆಗೆಯಬಹುದು ಅನ್ನುವ ಮಿತಿ) ಸಾಮಾನ್ಯವಾಗಿ ಎಣಿಸುವುದಿಲ್ಲ, ಅದನ್ನು ಮೊದಲೇ ಬೇರೆ ತೋರಿಸಿ. ಕೊರತೆ ಬೀಳುವ ತಿಂಗಳನ್ನು ಮುಚ್ಚಿಡಬೇಡಿ. ನನ್ನ ಮ್ಯಾನೇಜರ್ ಬೆರಳಿಟ್ಟು ಕೇಳಿದ್ದು ಅಕ್ಟೋಬರ್‌ನ ಮೈನಸ್ ಅನ್ನೇ. ಬೋನಸ್ ಅಂದೆ, ಯಾವ ಪಾರ್ಟಿಯ ಯಾವ ಬಿಲ್ಲಿನಿಂದ ನವೆಂಬರ್‌ನಲ್ಲಿ ತುಂಬುತ್ತದೆ ಅಂತ ಲೆಡ್ಜರ್ ತೋರಿಸಿದೆ. ಎರಡನೇ ಪ್ರಶ್ನೆ ಕೇಳಲಿಲ್ಲ.

ಈ ಭಾನುವಾರ ನಿಮ್ಮ ಐದು ದೊಡ್ಡ ಪಾರ್ಟಿಗಳ ಲೆಡ್ಜರ್ ಹಿಡಿದು ಕೂರಿ. ದಿನಗಳ ಲೆಕ್ಕ ಬಂದ ಮೇಲೆ ಎಲ್ಲಾದರೂ ತೊಡಕಾದರೆ ಇಲ್ಲೇ ಕೆಳಗೆ ಬರೆಯಿರಿ, ನೋಡಿ ಹೇಳುತ್ತೇನೆ.