ಲೊಲಿಟಾ ಡ್ರೆಸ್ ಹಾಕಿದರೂ ಸ್ಕರ್ಟ್ ಫೋಟೋದಲ್ಲಿರುವ ಹಾಗೆ ಉಬ್ಬಿ ನಿಲ್ಲುವುದಿಲ್ಲ, ಯಾಕೆ?

ಒಳಗೆ ಸರಿಯಾದ ಪೆಟಿಕೋಟ್ ಇಲ್ಲದಿರುವುದೇ ಕಾರಣ. ಟೋಕಿಯೋದ ಹರಾಜುಕು ಬೀದಿಗಳಲ್ಲಿ ಹೆಸರಾದ, ಗೊಂಬೆಯ ಫ್ರಾಕಿನಂಥ ಈ ಜಪಾನಿ ಉಡುಗೆಯಲ್ಲಿ ಸೊಂಟದ ಸುತ್ತ ಜಾಸ್ತಿ ನೆರಿಗೆ ಹಿಡಿದಿರುತ್ತಾರೆ. ಅಷ್ಟೊಂದು ಬಟ್ಟೆ ತನ್ನ ಭಾರಕ್ಕೇ ಜೋತು ಬೀಳುತ್ತದೆ. ಒಳಗಿನಿಂದ ಹೊರಕ್ಕೆ ತಳ್ಳುವ ಪದರ ಬೇಕೇ ಬೇಕು.

ಸೀರೆಯ ಒಳಲಂಗ ಇದಕ್ಕೆ ಆಗುವುದಿಲ್ಲ. ಅದು ಸೀರೆಯನ್ನು ಮೈಗೆ ಹತ್ತಿರ ಹಿಡಿಯಲು ಹೊಲಿದದ್ದು, ಇಲ್ಲಿ ಬೇಕಿರುವುದು ಅದರ ಉಲ್ಟಾ ಅಲ್ವಾ? ನೆಟ್ ಅಥವಾ ಆರ್ಗಾಂಜಾವನ್ನು ಸಾಲು ಸಾಲಾಗಿ ನೆರಿಗೆ ಹಿಡಿದು ಹೊಲಿದ ಪೆಟಿಕೋಟ್ ತೆಗೆದುಕೊಳ್ಳಿ. ಚರ್ಮಕ್ಕೆ ತಾಗುವ ಕಡೆ ಮೆತ್ತಗಿನ ಲೈನಿಂಗ್ ಇರಲಿ, ಬರೀ ನೆಟ್ ಚುಚ್ಚುತ್ತದೆ.

ಕೊಳ್ಳುವ ಮುಂಚೆ ಡ್ರೆಸ್ಸಿನ ಆಕಾರ ನೋಡಿ, ಎಲ್ಲರೂ ಎಡವುವುದು ಇಲ್ಲೇ. ಸ್ಕರ್ಟ್ ಗುಂಡಗೆ ಗಂಟೆಯ ಹಾಗಿದ್ದರೆ ಸೊಂಟದಿಂದಲೇ ಉಬ್ಬುವ ಪೆಟಿಕೋಟ್ ಸರಿ. ಕೆಳಗೆ ಹೋದಂತೆ ಅಗಲವಾಗುವ ಎ-ಲೈನ್ ಸ್ಕರ್ಟಿಗೆ ಅದನ್ನೇ ಹಾಕಿದರೆ ಬಟ್ಟೆ ಬಿಗಿದು, ಅಂಚು ಒಳಕ್ಕೆ ತಿರುಗಿ ಲ್ಯಾಂಪ್‌ಶೇಡ್ ಥರ ಕಾಣುತ್ತದೆ.

ಉಬ್ಬಿದಾಗ ಸ್ಕರ್ಟ್ ಮೇಲೇರುತ್ತದೆ. ಹಾಗಾಗಿ ಪೆಟಿಕೋಟ್ ಸ್ಕರ್ಟಿಗಿಂತ 2–3 ಇಂಚು ಗಿಡ್ಡ ಇರಲಿ, ಒಳಗೆ ಬ್ಲೂಮರ್ಸ್ ಎನ್ನುವ ಸಡಿಲ ಚಡ್ಡಿ ಹಾಕಿಕೊಳ್ಳಿ. ಬಿಚ್ಚಿದ ಮೇಲೆ ಪೆಟಿಕೋಟನ್ನು ಮಡಚಿಡದೆ ತಲೆಕೆಳಗಾಗಿ ನೇತುಹಾಕಿ, ಉಬ್ಬು ಜಾಸ್ತಿ ದಿನ ಉಳಿಯುತ್ತದೆ.