ಪ್ರತಿಕ್ರಿಯೆ: ಬೇಸ್‌ಮೆಂಟಿನಲ್ಲಿ ಸಿಕ್ಕ ರಾಕ್-ಓಲಾ ಶಫಲ್‌ಬೋರ್ಡ್ ಟೇಬಲ್‌ಗೆ ಎಷ್ಟು ಬೆಲೆ?

ಮನೆ ಮಾರಿದವರು ಅದು ಹತ್ತೊಂಬತ್ತನೇ ಶತಮಾನದ್ದು ಎಂದಿದ್ದರೂ ಅದು ಅಷ್ಟು ಹಳೆಯದಲ್ಲ. ರಾಕ್-ಓಲಾ ಆಗ ಷಿಕಾಗೋದಲ್ಲಿದ್ದ, ಜ್ಯೂಕ್‌ಬಾಕ್ಸ್ (ನಾಣ್ಯ ಹಾಕಿದರೆ ಹಾಡು ನುಡಿಸುವ ಯಂತ್ರ) ಮಾಡುವ ಕಂಪನಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಬಾರ್‌ಗಳಲ್ಲಿ ಉದ್ದ ಹಲಗೆಯ ಮೇಲೆ ಲೋಹದ ಬಿಲ್ಲೆ ಜಾರಿಸಿ ಅಂಕ ಗಳಿಸುವ ಈ ಆಟದ ಹುಚ್ಚು ಹತ್ತಿದಾಗ ಟೇಬಲ್ ಮಾಡಿತು. ನಿಮ್ಮದು ಬಹುತೇಕ 1940ರ ದಶಕದ ಕೊನೆಯದು.

ಮೊದಲು ಉದ್ದ ಅಳೆಯಿರಿ. ಪಂದ್ಯದ ಅಳತೆ 22 ಅಡಿ. ಅದಕ್ಕಿಂತ ಕಡಿಮೆಯಿದ್ದು, ಒಂದು ತುದಿಯ ಅಂಕದ ಗೆರೆಗಳು ಇನ್ನೊಂದು ತುದಿಗೆ ಹೊಂದದಿದ್ದರೆ ಯಾರೋ ಕೊಯ್ದಿದ್ದಾರೆ; ಬೆಲೆ ಅಲ್ಲೇ ಬಿತ್ತು.

ಆಮೇಲೆ ಹಲಗೆಗೆ ಅಡ್ಡಲಾಗಿ ನೇರ ಪಟ್ಟಿ ಇಟ್ಟು ನೋಡಿ. ನಡುವೆ ತುಸು ತಗ್ಗು ಇರಬೇಕಾದ್ದೇ, ಬಿಲ್ಲೆ ಪಕ್ಕಕ್ಕೆ ಜಾರದಿರಲೆಂದು. ಉಬ್ಬಿದ್ದರೆ ಕೆಳಗಿನ ಕಬ್ಬಿಣದ ಅಡ್ಡಪಟ್ಟಿಗಳ ನಟ್ಟುಗಳನ್ನು ಕಾಲು ಸುತ್ತಿನಂತೆ ತಿರುಗಿಸಿ, ಕೆಲವು ದಿನ ಬಿಟ್ಟು ಮತ್ತೆ ನೋಡಿ. ಒಮ್ಮೆಲೇ ಬಿಗಿದರೆ ಹಲಗೆಯ ಮೇಪಲ್ ಮರದ ಪಟ್ಟಿಗಳ ಅಂಟು ಬಿಡಬಹುದು.

ಬೆಲೆ ತಿಳಿಯುವ ತನಕ ಮರಳು ಕಾಗದ ಮುಟ್ಟಿಸಬೇಡಿ, ಹಳೆಯ ಅಂಕೆ, ಲಾಂಛನ ಅಳಿಸಿಹೋಗುತ್ತವೆ. ಜೊತೆಗಿನ ಎಂಟೂ ಬಿಲ್ಲೆ, ಮೂಲ ಕಾಲುಗಳಿದ್ದರೆ ಫೋಟೊ ತೆಗೆದಿಡಿ. ಬೆಲೆಗೆ ಹರಾಜಿನಲ್ಲಿ ನಿಜವಾಗಿ ಮಾರಾಟವಾದ ಮೊತ್ತ ನೋಡಿ, ಕೇಳುವ ದರವನ್ನಲ್ಲ. ಹೊರಗೆ ಒಯ್ಯುವಾಗ ಹಲಗೆ ಬೇಸ್‌ಮೆಂಟಿನ ಮೆಟ್ಟಿಲ ತಿರುವಿನಲ್ಲಿ ಹಿಡಿಸುತ್ತದೆಯೇ ಎಂಬುದನ್ನೂ ಅಳೆದು ಕೊಳ್ಳುವವರಿಗೆ ತಿಳಿಸಿ. ಅವರು ಸಾಗಣೆ ಖರ್ಚನ್ನು ನಿಮ್ಮ ಬೆಲೆಯಿಂದಲೇ ಕಳೆಯುತ್ತಾರೆ.