31–2ರಿಂದ ಶುರು ಮಾಡಿ

ನಮಸ್ಕಾರ,

ಪೆಸಿಫಿಕ್ ಸಾಗರದ ಪುಟ್ಟ ದೇಶ ಸಾಲೊಮನ್ ದ್ವೀಪಗಳ ಫುಟ್ಸಾಲ್ (ಒಳಾಂಗಣದಲ್ಲಿ ಐದೈದು ಜನ ಆಡುವ ಫುಟ್ಬಾಲ್) ತಂಡದ ಬಗ್ಗೆ ನೀವು ಕಳಿಸಿದ ಲೇಖನ ಎರಡು ಸಲ ಓದಿದೆ. ಹೀಗೇ ಹಾಕಲು ಆಗುವುದಿಲ್ಲ. ಆದರೆ ವಾಪಸ್ ಕಳಿಸಿ ಸುಮ್ಮನಾಗಲು ಮನಸ್ಸು ಬರಲಿಲ್ಲ. ವಿಷಯ ಅಷ್ಟು ಚೆನ್ನಾಗಿದೆ.

ಮೊದಲ ಎರಡು ಪ್ಯಾರಾ ತೆಗೆಯಿರಿ. ಆಟದಲ್ಲಿ ಸೋಲು ಗೆಲುವು ಸಹಜ ಅನ್ನುವುದು ಓದುಗರಿಗೆ ಗೊತ್ತು. ನಿಮ್ಮ ಕಥೆ ಶುರುವಾಗುವುದು ಮೂರನೇ ಪುಟದಲ್ಲಿ: 2008ರಲ್ಲಿ ಬ್ರೆಜಿಲ್‌ನಲ್ಲಿ ನಡೆದ ಫುಟ್ಸಾಲ್ ವಿಶ್ವಕಪ್, ರಷ್ಯಾ 31, ಸಾಲೊಮನ್ 2. ಇದನ್ನು ಕೋಷ್ಟಕದ ಒಂದು ಸಾಲಿನಲ್ಲಿ ಹಾಕಿ ಮುಂದೆ ಹೋಗಿದ್ದೀರಿ. ಅಲ್ಲೇ ನಿಲ್ಲಬೇಕಿತ್ತು. ಪಂದ್ಯ 40 ನಿಮಿಷ, ಅಂದರೆ ಒಂದೂಕಾಲು ನಿಮಿಷಕ್ಕೊಂದು ಗೋಲು ಬಿದ್ದಂತೆ. 31 ಸಲ ಚೆಂಡನ್ನು ಬಲೆಯಿಂದ ತೆಗೆದು ನಡುಗೆರೆಗೆ ತಂದು ಇಡಬೇಕು, ಮತ್ತೆ ಆಟ ಶುರು ಮಾಡಬೇಕು. ಆ ಹುಡುಗರು ಅದನ್ನು ಮಾಡಿದರು, ಎರಡು ಗೋಲನ್ನೂ ಹೊಡೆದರು. ರಷ್ಯಾದ ಪುಲಾ ಒಬ್ಬನೇ ಒಂಬತ್ತು ಹೊಡೆದ. ಆತ ಬ್ರೆಜಿಲ್‌ನಲ್ಲೇ ಹುಟ್ಟಿದವನು ಅನ್ನುವುದನ್ನೂ ಬರೆಯಿರಿ. ಎದುರಿಗಿದ್ದವರು ಎಂಥವರು ಅಂತ ಆಗ ಗೊತ್ತಾಗುತ್ತದೆ.

ಆಟದ ಪರಿಚಯವೂ ಬೇಕು. ನಮ್ಮಲ್ಲಿ ಫುಟ್ಸಾಲ್ ನೋಡಿದವರು ಕಡಿಮೆ. '40×20 ಮೀಟರ್' ಅಂದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಆರು ಕಬಡ್ಡಿ ಅಂಕಣಗಳನ್ನು ಪಕ್ಕಪಕ್ಕ ಜೋಡಿಸಿದಷ್ಟು ಜಾಗ, ಅದರಲ್ಲಿ ಐದೈದು ಜನ ಅನ್ನಿ, ಕಾಣುತ್ತದೆ. ಚೆಂಡು ಹೊರಗೆ ಹೋದರೆ ಗಡಿಯಾರ ನಿಲ್ಲುತ್ತದೆ ಅನ್ನುವುದನ್ನೂ ಬಿಟ್ಟಿದ್ದೀರಿ. ಹಾಗೇ, ತಂಡದ ಅಡ್ಡಹೆಸರು ಕುರುಕುರು ಅಂತ ಬರೆದು ಬಿಟ್ಟಿದ್ದೀರಿ. ನಮ್ಮವರಿಗೆ ತಿಂಡಿ ನೆನಪಾಗುತ್ತದೆ, ಅಲ್ವಾ? ಅದು ಅಲ್ಲಿನ ಹಕ್ಕಿಯ ಹೆಸರು ಅಂತ ಒಂದು ಮಾತು ಸೇರಿಸಿ.

'ಪಾಪದ ತಂಡ' ಅನ್ನುವುದನ್ನು ನಾಲ್ಕು ಕಡೆ ಬಳಸಿದ್ದೀರಿ. ನಾಲ್ಕೂ ತೆಗೆಯಿರಿ. ಏಳೆಂಟು ಲಕ್ಷ ಜನರ ದೇಶ 2008, 2012, 2016, 2021, ಹೀಗೆ ಸತತ ನಾಲ್ಕು ವಿಶ್ವಕಪ್‌ಗೆ ಹೋಗಿದೆ. ಓಷಿಯಾನಿಯಾದಲ್ಲಿ, ಅಂದರೆ ನ್ಯೂಜಿಲೆಂಡ್ ಮತ್ತು ಪೆಸಿಫಿಕ್ ದ್ವೀಪಗಳ ವಲಯದಲ್ಲಿ, ಎದುರಾಳಿಗಳು ಹೆದರುತ್ತಿದ್ದ ತಂಡ ಅದು. 2009ರಲ್ಲಿ ನ್ಯೂ ಕ್ಯಾಲೆಡೋನಿಯಾ ಮೇಲೆ ನಾಯಕ ಎಲಿಯಟ್ ರಗೊಮೊ ಆಟ ಶುರುವಾದ ಮೂರೇ ಸೆಕೆಂಡಿಗೆ ಗೋಲು ಹೊಡೆದ. ರಷ್ಯಾದ ಕೈಯಲ್ಲಿ ಹಾಗೆ ಸೋತ ಮರುವರ್ಷವೇ ಇದು. ಇಂಥದ್ದು ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ.

ಇನ್ನು 2012, ಥಾಯ್ಲೆಂಡ್. ಗ್ವಾಟೆಮಾಲಾ ವಿರುದ್ಧ 4–3 ಗೆಲುವು. ವಿಶ್ವಕಪ್‌ನಲ್ಲಿ ಅವರ ಮೊದಲ ಗೆಲುವು. 'ಗೆದ್ದು ಬೀಗಿತು' ಅಂತ ಮುಗಿಸಿದ್ದೀರಿ. ಅದೇ ಗ್ವಾಟೆಮಾಲಾ ಅದೇ ಗುಂಪಿನಲ್ಲಿ ಕೊಲಂಬಿಯಾವನ್ನು ಸೋಲಿಸಿತ್ತು. ಆ ಕೊಲಂಬಿಯಾ ಮುಂದೆ ಸೆಮಿಫೈನಲ್‌ಗೆ ಹೋಯಿತು. ಮೂರೂ ತಂಡಗಳಿಗೆ ಮೂರು ಮೂರು ಅಂಕ. ಸಾಲೊಮನ್ ಗುಂಪಿನ ಕೊನೆಯ ಸ್ಥಾನಕ್ಕೆ ಬಿದ್ದದ್ದು ಗೋಲು ಲೆಕ್ಕದಲ್ಲಿ, ಅಂದರೆ ರಷ್ಯಾ ಎದುರಿನ 16–0, ಕೊಲಂಬಿಯಾ ಎದುರಿನ 11–3 ಅವರನ್ನು ಕೆಳಗೆ ಎಳೆದವು. 31–2 ಮತ್ತು 4–3ರ ನಡುವೆ ನಾಲ್ಕೇ ವರ್ಷ. ಈ ಲೇಖನದಲ್ಲಿ ಹೇಳಬೇಕಾದ್ದು ಆ ನಾಲ್ಕು ವರ್ಷದ ಕಥೆ. ಉಳಿದದ್ದೆಲ್ಲ ಅದಕ್ಕೆ ಆಸರೆ.

ಆಮೇಲಿನದನ್ನು ಬೇಗ ದಾಟಿ. 2021ರಲ್ಲಿ ಲಿಥುವೇನಿಯಾದಲ್ಲಿ ಪೋರ್ಚುಗಲ್ 7–0 ಹೊಡೆಯಿತು, ಆ ಸಲ ಕಪ್ ಗೆದ್ದದ್ದೂ ಅವರೇ. ಆದರೆ ಕೊನೆಯಲ್ಲಿ 'ಮುಂದೆ ಒಳ್ಳೆಯ ದಿನ ಬರಲಿ' ಅಂತ ಹಾರೈಸಿದ್ದೀರಲ್ಲ, ಅಲ್ಲಿ ಒಂದು ದೊಡ್ಡ ಸಂಗತಿ ಕೈಬಿಟ್ಟಿದೆ. 2023ರ ಓಷಿಯಾನಿಯಾ ಫೈನಲ್‌ನಲ್ಲಿ ನ್ಯೂಜಿಲೆಂಡ್ ಇವರನ್ನು ಸೋಲಿಸಿತು. 2024ರ ವಿಶ್ವಕಪ್‌ಗೆ ಆ ಭಾಗದಿಂದ ಇದ್ದದ್ದು ಒಂದೇ ಜಾಗ. ಅದೂ ಹೋಯಿತು. ಹಾರೈಕೆ ತೆಗೆದು ಇದನ್ನೇ ಬರೆಯಿರಿ.

ಕೋಷ್ಟಕ ಬೇಡ. ಏಳುನೂರು ಪದ ಸಾಕು. ತಿದ್ದಿ ನನಗೇ ನೇರವಾಗಿ ಕಳಿಸಿ, ಕಾಯುತ್ತಿರುತ್ತೇನೆ.